ಪಟ್ಟಿ ಬಂತು, ಬ್ರೇಕ್ ಹಿಂದುಳಿಯಿತು

ಹರಪನಹಳ್ಳಿ ಸುತ್ತಿನ ಊರುಗಳಲ್ಲಿ ಇನ್ನೂ ಉಳಿದಿರುವ ಟೈರ್ ಬಂಡಿಗಳ ಅಡಿಗೆ ಬಗ್ಗಿ ನೋಡಿದರೆ, ಎಷ್ಟೋ ಬಂಡಿಗಳಲ್ಲಿ ಹಳೆಯ ಜೀಪಿನದೋ ಲಾರಿಯದೋ ಅಚ್ಚು ಕಾಣಸಿಗುತ್ತದೆ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಕೊಂಡ ಅಚ್ಚು, ಅದರ ಹಬ್ಬು, ಬೇರಿಂಗು. ಮೇಲೆ ಊರ ಬಡಗಿ ಕೂರಿಸಿದ ಜಾಲಿ ಮರದ ಚೌಕಟ್ಟು, ಮುಂದಕ್ಕೆ ಮೂಕಿ, ಮೂಕಿಯ ತುದಿಗೆ ನೊಗ. ಹಬ್ಬಿನ ಹಿಂಬದಿಯಲ್ಲಿ ಬ್ರೇಕ್ ಡ್ರಮ್ಮು, ಶೂ ಕೂರುತ್ತಿದ್ದ ಜಾಗ ಮಾತ್ರ ಖಾಲಿ. ಎತ್ತಿನ ಬಂಡಿಗೆ ಅದೇಕೆ ಎಂದು ಅದನ್ನು ಗುಜರಿಯಲ್ಲೇ ಬಿಟ್ಟು ಬಂದಿರುತ್ತಾರೆ.

ಈ ಸೀಮೆಯ ಗಾಲಿಗಳ ಚರಿತ್ರೆಗೆ ಆ ಖಾಲಿ ಜಾಗವೇ ಸಾಕ್ಷಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನ ತಲೆಮಾರುಗಳಿಂದ ತಮ್ಮ ಗಾಡಿಗಳನ್ನು ತಾವೇ ಸುಧಾರಿಸಿಕೊಳ್ಳುತ್ತ ಬಂದಿದ್ದಾರೆ. ಕಂಪನಿಯವರು ಕಳಿಸಿದ್ದನ್ನು ಹಾಗೆಯೇ ಓಡಿಸಿದವರು ಇಲ್ಲಿ ಕಡಿಮೆ. ಹೊರೆ ಹೊರುವ ಶಕ್ತಿಯನ್ನು ಹೆಚ್ಚಿಸುವುದರಲ್ಲಿ ಇಲ್ಲಿನ ಬಡಗಿ, ಕಮ್ಮಾರ, ಗ್ಯಾರೇಜಿನ ಮೇಸ್ತ್ರಿಗಳ ಕೈ ಸದಾ ಮುಂದು. ಗಾಡಿಯನ್ನು ನಿಲ್ಲಿಸುವ ಶಕ್ತಿ ಮಾತ್ರ ಪ್ರತಿ ಕಾಲದಲ್ಲೂ ಒಂದು ಹೆಜ್ಜೆ ಹಿಂದೆಯೇ ಉಳಿಯಿತು.

ಈ ಚರಿತ್ರೆಯನ್ನು ಹಿಂದಿನಿಂದಲೇ ನೋಡೋಣ. ಹರಪನಹಳ್ಳಿ ಬಳಿಯ ಬಾಗಳಿಗೆ ಹೊರಗಿನವರು ಬರುವುದು ಕಲ್ಲೇಶ್ವರ ಗುಡಿ ನೋಡಲು. ಹತ್ತನೆಯ ಶತಮಾನದ ಕೊನೆಗೆ, ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಕಾಲದಲ್ಲಿ, ದುಗ್ಗಿಮಯ್ಯ ಎಂಬಾತ ಕಟ್ಟಿಸಿದ ಗುಡಿ ಅದು. ಅಲ್ಲಿ ಸಾಲುಸಾಲಾಗಿ ಹಳಗನ್ನಡ ಶಾಸನಗಳಿವೆ. ಅಂಥ ಗುಡಿಗೆ ದತ್ತಿ ಬಿಡುವಷ್ಟು ಸಂಪತ್ತು ಈ ನೆಲದಲ್ಲಿ ಓಡಾಡುತ್ತಿತ್ತು ಎಂದಾದರೆ, ಸರಕೂ ಓಡಾಡುತ್ತಿತ್ತು. ಆದರೆ ದೂರದ ಸರಕು ಆಗ ಹೆಚ್ಚಾಗಿ ಸಾಗುತ್ತಿದ್ದುದು ಗಾಲಿಯ ಮೇಲಲ್ಲ, ಎತ್ತಿನ ಬೆನ್ನಿನ ಮೇಲೆ. ರಸ್ತೆಯೇ ಇಲ್ಲದ ನಾಡಿನಲ್ಲಿ ಹೇರೆತ್ತು ಹೋದ ಕಡೆ ಬಂಡಿ ಹೋಗಲಾರದು. ಮುಂದಿನ ಶತಮಾನಗಳಲ್ಲಿ ದಂಡಿನ ಹಿಂದೆ ಧಾನ್ಯ, ಉಪ್ಪು ಹೊತ್ತು ನಡೆದ ಲಂಬಾಣಿಗಳ ಹೇರೆತ್ತುಗಳ ಸಾಲು ದಖನ್ನಿನ ಉದ್ದಕ್ಕೂ ಇತ್ತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳಲ್ಲಿ ಇಂದು ಕಾಣುವ ತಾಂಡಾಗಳು ಆ ಚರಿತ್ರೆಯ ಉಳಿಕೆ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ. ರೈತವಾರಿ ಕಂದಾಯ ಬಂತು. ಕಂದಾಯವನ್ನು ನಗದಾಗಿ ಕಟ್ಟಬೇಕಾದ ರೈತ ಹತ್ತಿ, ಕಾಳುಗಳನ್ನು ಪೇಟೆಗೆ ಸಾಗಿಸಲೇಬೇಕಾಯಿತು. ಹತ್ತೊಂಬತ್ತನೆಯ ಶತಮಾನ ಸಾಗಿದಂತೆ ರಸ್ತೆ ಬಂತು, ರಸ್ತೆಯ ಬೆನ್ನಿಗೇ ಬಂಡಿ ಬಂತು. 1876–78ರ ಬರದಲ್ಲಿ, ಜನ ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನೆಯುವ ಆ ಎರಡು ವರ್ಷಗಳಲ್ಲಿ, ಬಳ್ಳಾರಿ ಜಿಲ್ಲೆ ಅತಿಯಾಗಿ ನಲುಗಿತು. ಮೇವಿಲ್ಲದೆ ದನಗಳು ಸತ್ತವು. ದನ ಸತ್ತ ಮೇಲೆ ಬಂದರಿನಲ್ಲಿ ಧಾನ್ಯವಿದ್ದರೂ ಊರಿಗೆ ತರುವ ಬಂಡಿ ಹೂಡುವುದು ಹೇಗೆ? ರೈಲಿನ ಅಗತ್ಯ ಸರ್ಕಾರಕ್ಕೆ ಆಗ ಮನವರಿಕೆಯಾಯಿತು. ಮುಂದಿನ ದಶಕದಲ್ಲಿ ಹಳಿ ಹೊಸಪೇಟೆ ದಾಟಿ ಗದಗಿನತ್ತ ಹೋಯಿತು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೂ ಬಂತು. ರೈಲು ಬಂದದ್ದರಿಂದ ಬಂಡಿಗೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೊಲದಿಂದ ಸ್ಟೇಷನ್ನಿಗೆ ಸರಕು ಮುಟ್ಟಿಸುವವರು ಬಂಡಿಯವರೇ.

ಆ ಬಂಡಿಯ ಜೀವ ಅದರ ಗಾಲಿಯಲ್ಲಿತ್ತು. ನಡುವೆ ಗುಂಬ, ಗುಂಬಕ್ಕೆ ಬಡಿದ ಅರೆಗಳು, ಅರೆಗಳ ಹೊರಗೆ ವೃತ್ತವಾಗಿ ಜೋಡಿಸಿದ ಬಾಗುಮರಗಳು, ಎಲ್ಲಕ್ಕೂ ಹೊರಗೆ ಕಬ್ಬಿಣದ ಹಳಿ. ಜಾಲಿ ಗಟ್ಟಿ ಮರ, ಸೀಳು ಬಿಡುವುದು ಕಡಿಮೆ, ಈ ಒಣನೆಲದಲ್ಲಿ ಸುಲಭವಾಗಿ ಸಿಗುತ್ತಿತ್ತು. ಹಳಿ ಏರಿಸುವ ದಿನ ಬಡಗಿ ಮತ್ತು ಕಮ್ಮಾರ ಇಬ್ಬರೂ ಒಂದೇ ಕಡೆ ಸೇರಬೇಕು. ಹಳಿಯ ಸುತ್ತಳತೆಯನ್ನು ಮರದ ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡಿರುತ್ತಾರೆ. ನೆಲದ ಮೇಲೆ ಹಳಿಯನ್ನಿಟ್ಟು ಸುತ್ತಲೂ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಾರೆ. ಕಬ್ಬಿಣ ಕೆಂಪಗೆ ಕಾದು ಹಿಗ್ಗಿದಾಗ ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಇಳಿಸಬೇಕು. ಮರ ಹೊಗೆಯಾಡಿ ಹೊತ್ತಿಕೊಳ್ಳುವ ಮೊದಲೇ ಬಡಿದು ಕೂರಿಸಿ, ಕೊಡಗಟ್ಟಲೆ ನೀರು ಸುರಿಯಬೇಕು. ಹಳಿ ಕುಗ್ಗುತ್ತ ಬಂದಂತೆ ಒಂದೊಂದು ಅರೆಯೂ ಲಟಲಟ ಸದ್ದು ಮಾಡುತ್ತ ತನ್ನ ತೂತಿನೊಳಕ್ಕೆ ಬಿಗಿದುಕೊಳ್ಳುತ್ತದೆ. ಆ ಸದ್ದು ಕೇಳಿಸಿದರೆ ಗಾಲಿ ಗೆದ್ದಂತೆ. ಒಂದು ಮೊಳೆಯಿಲ್ಲ, ಅಂಟಿಲ್ಲ. ಕಬ್ಬಿಣ ಕುಗ್ಗುವ ಬಲವೊಂದೇ ಅಷ್ಟೂ ಮರದ ತುಂಡುಗಳನ್ನು ಹಿಡಿದಿಡುತ್ತದೆ. ಅಳತೆ ಸ್ವಲ್ಪ ತಪ್ಪಿದರೂ ಹಳಿ ಸಡಿಲಾಗುತ್ತದೆ, ಇಲ್ಲವೇ ಅರೆ ಮುರಿಯುತ್ತದೆ. ಇಂಥ ಲೆಕ್ಕವನ್ನು ಕಣ್ಣಂದಾಜಿನಲ್ಲೇ ಕಲಿತಿದ್ದ ಕಮ್ಮಾರರ ಮಕ್ಕಳು ಮೊಮ್ಮಕ್ಕಳು ಮುಂದೆ ಮೋಟಾರು ಗಾಡಿಯ ಸ್ಪ್ರಿಂಗುಗಳಾದ ಕಮಾನು ಪಟ್ಟಿಗಳಿಗೆ ಕೈಹಾಕಿದ್ದರಲ್ಲಿ ಅಚ್ಚರಿಯಿಲ್ಲ.

ಗಾಲಿಯ ನಿರ್ವಹಣೆಯೂ ಮನೆಯದೇ ಕೆಲಸ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೆ ಹಳಿ ಜಾರುತ್ತದೆ. ಬಂಡಿಯನ್ನು ಕೆರೆಯ ನೀರಿಗಿಳಿಸಿ ನಿಲ್ಲಿಸಿ ಮರ ಉಬ್ಬುವಂತೆ ಮಾಡುತ್ತಿದ್ದರು. ಅಚ್ಚಿಗೆ ಔಡಲೆಣ್ಣೆ ಕಲಸಿದ ಕೀಲೆಣ್ಣೆ. ಬಡಗಿ, ಕಮ್ಮಾರರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಳೆದು ಕೊಟ್ಟರೆ ರಿಪೇರಿಯ ಲೆಕ್ಕ ಚುಕ್ತಾ.

ಆ ಬಂಡಿಗೆ ಸ್ಪ್ರಿಂಗ್ ಇರಲಿಲ್ಲ. ನೆಲದ ಪ್ರತಿಯೊಂದು ಕುಲುಕೂ ನೇರವಾಗಿ ಕೂತವರ ಬೆನ್ನಿಗೆ, ಎತ್ತಿನ ಹೆಗಲಿಗೆ. ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರಣಿಕ ಕೇಳಲು, ಅದಾದ ಮೇಲೆ ಶಿವರಾತ್ರಿಯ ಹೊತ್ತಿಗೆ ಕುರುವತ್ತಿ ಬಸವೇಶ್ವರನ ಜಾತ್ರೆಗೆ ಸಂಸಾರ ಸಮೇತ ಹೊರಟವರು ಬಂಡಿಯೊಳಗೆ ಹುಲ್ಲು ಹರವಿ, ಅದರ ಮೇಲೆ ಕಂಬಳಿ, ಕೌದಿ ಹಾಸಿ, ಮೇಲೆ ಕೊಲ್ಲಾರಿ ಕಟ್ಟಿಕೊಳ್ಳುತ್ತಿದ್ದರು. ಎತ್ತುಗಳಿಗೆ ದಾರಿಯ ಮೇವೂ ಆಯಿತು, ಕೂತವರಿಗೆ ಮೆತ್ತೆಯೂ ಆಯಿತು. ಕಬ್ಬಿಣದ ಕಮಾನು ಪಟ್ಟಿಯನ್ನು ಈ ಕಡೆಯ ಜನ ಮೊದಲು ಕಂಡದ್ದು ಹೊಸಪೇಟೆ, ಬಳ್ಳಾರಿಗಳಂಥ ಪೇಟೆಯ ಜಟಕಾ ಗಾಡಿಗಳಲ್ಲಿ. ಇಂಗ್ಲೆಂಡಿನ ಒಬಾಡಿಯಾ ಎಲಿಯಟ್ 1804ರಲ್ಲಿ ಕುದುರೆ ಸಾರೋಟಿಗಾಗಿ ಪೇಟೆಂಟ್ ಪಡೆದ ಕಮಾನು ಸ್ಪ್ರಿಂಗಿನ ವಂಶವೇ ಅದು.

ಬ್ರೇಕೂ ಇರಲಿಲ್ಲ. ಬಂಡಿಯ ಬ್ರೇಕು ಎತ್ತೇ. ಇಳಿಜಾರಿನಲ್ಲಿ ಹೊರೆಯೆಲ್ಲ ಮುಂದಕ್ಕೆ ವಾಲಿ ನೊಗದ ಮೇಲೆ ಕೂರುತ್ತದೆ. ಎತ್ತು ಕೊರಳು ಹಿಂದಕ್ಕೊಗೆದು, ಕಾಲೂರಿ ತಡೆಯಬೇಕು. ಜತೆಗಿದ್ದವರು ಬಂಡಿಯ ಹಿಂಬದಿಗೆ ಜೋತುಬೀಳುತ್ತಿದ್ದರು, ಗಾಲಿಗೆ ಕಲ್ಲು ಕೊಡುತ್ತಿದ್ದರು, ಕೆಲವರು ಹಿಂದೆ ಮರದ ತುಂಡನ್ನು ಹಗ್ಗದಿಂದ ಕಟ್ಟಿ ಎಳೆಸುತ್ತಿದ್ದರು. ಉಚ್ಚಂಗಿದುರ್ಗದ ತಪ್ಪಲಿನ ಏರಿಳಿತ, ಕೂಡ್ಲಿಗಿ ಕಡೆಯ ಗುಡ್ಡಗಳ ದಾರಿ ಇಳಿದು ಬಂದ ಎತ್ತುಗಳ ಹೆಗಲು ಬಾವು ಕಟ್ಟುತ್ತಿತ್ತು. ಈ ನೋವಿಗೆ ಲೆಕ್ಕ ಹಾಕುವವರು ಬಹಳ ಕಾಲ ಯಾರೂ ಇರಲಿಲ್ಲ.

ಲೆಕ್ಕ ಹಾಕಿದ್ದು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನ ತಲುಪಿಸಲು ‘ಅಸ್ತ್ರ’ ಎಂಬ ಕೇಂದ್ರ ಶುರುವಾಗಿತ್ತು. ಅದೇ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ ಅವರು ಎರಡು ಗಾಲಿಯ ಎತ್ತಿನ ಬಂಡಿಯ ಯಂತ್ರಶಾಸ್ತ್ರವನ್ನು ವಿಶ್ಲೇಷಿಸಿ, ಅದರಲ್ಲಿ ಹುಟ್ಟುವ ಬಲಗಳನ್ನು ಪ್ರಯೋಗದಿಂದ ಅಳೆದು 1979ರಲ್ಲಿ ಪ್ರಕಟಿಸಿದರು. ಅದೇ ವರ್ಷ ಭಾರತೀಯ ನಿರ್ವಹಣಾ ಸಂಸ್ಥೆಯ ಬೆಂಗಳೂರು ಶಾಖೆಯ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ದೇಶದ ಪಶುಶಕ್ತಿಯ ನಿರ್ವಹಣೆ ಮತ್ತು ಬಂಡಿಯ ಆಧುನೀಕರಣದ ಬಗ್ಗೆ ವರದಿ ಹೊರತಂದರು. ವಿಮಾನ, ಉಪಗ್ರಹಗಳ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಎತ್ತಿನ ಕೊರಳಿನ ಮೇಲಿನ ಭಾರವನ್ನು ಅಳೆದ ಈ ಕೆಲಸಕ್ಕೆ ಕನ್ನಡಿಗರು ಇನ್ನೂ ಹೆಚ್ಚಿನ ಮಾನ ಕೊಡಬೇಕಿತ್ತು.

ಅಷ್ಟರಲ್ಲಾಗಲೇ ಹಳ್ಳಿಯವರು ತಮ್ಮ ಪಾಡಿಗೆ ತಾವು ಬಂಡಿಯನ್ನು ಬದಲಿಸಿಕೊಂಡಿದ್ದರು. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು ಸೈಕಲ್ಲಿಗಾಗಿ. ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆದ ಮೇಲೆ ಎತ್ತಿನ ಬಂಡಿಗೆಂದೇ ಮಾಡಿದ ಟೈರುಗಳೂ ಮಾರುಕಟ್ಟೆಗೆ ಬಂದವು. ಅವುಗಳ ಬೆಲೆ ಎಲ್ಲರಿಗೂ ನಿಲುಕುವಂಥದ್ದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹಳೆಯ ಜೀಪು, ಲಾರಿಗಳು ಹರಾಜಾದವು. ಆಮೇಲೆ ಮುದಿಯಾದ ಬಸ್ಸು ಲಾರಿಗಳು ಗುಜರಿ ಸೇರತೊಡಗಿದವು. ಅವುಗಳ ಅಚ್ಚು, ಬೇರಿಂಗು, ಸವೆದ ಟೈರು ಬಂಡಿಯ ಪಾಲಾದವು. ಮುದಿ ಮೋಟಾರು ಗಾಡಿಯೊಂದು ಸತ್ತ ಮೇಲೆ ಬಂಡಿಯೊಳಗೆ ಬದುಕಿತು. ಮರದ ಗುಂಬ ಅಚ್ಚಿನ ಮೇಲೆ ತಿಕ್ಕಾಡುತ್ತಿದ್ದ ಕಡೆ ಗುಂಡುಗಳ ಮೇಲೆ ಉರುಳುವ ಬೇರಿಂಗ್ ಬಂತು. ಎತ್ತಿನ ಎಳೆತ ಹಗುರಾಯಿತು, ಹೇರುವ ಚೀಲಗಳ ಸಂಖ್ಯೆ ಏರಿತು, ಟೈರಿನ ಗಾಳಿಯೇ ಅಷ್ಟಿಷ್ಟು ಸ್ಪ್ರಿಂಗಿನ ಕೆಲಸವನ್ನೂ ಮಾಡಿತು. ಕಬ್ಬಿಣದ ಹಳಿ ಕೊರೆದು ಹಾಳುಮಾಡುತ್ತಿದ್ದ ಜಲ್ಲಿ ರಸ್ತೆಗಳೂ ಉಳಿದವು.

ಆದರೆ ಸುಲಭವಾಗಿ ಉರುಳುವ ಗಾಲಿ ಇಳಿಜಾರಿನಲ್ಲೂ ಸುಲಭವಾಗಿಯೇ ಉರುಳುತ್ತದೆ. ಮರದ ಗಾಲಿಯ ತಿಕ್ಕಾಟವೇ ಅದುವರೆಗೆ ಅರ್ಧ ಬ್ರೇಕಾಗಿತ್ತು. ಅದು ಹೋಯಿತು, ಮೇಲಿನ ಹೊರೆ ಹೆಚ್ಚಿತು, ತಡೆಯುವವು ಮಾತ್ರ ಅವೇ ಎರಡು ಕೊರಳು. ಅಚ್ಚಿನ ಜತೆಗೇ ಬಂದಿದ್ದ ಡ್ರಮ್ಮು, ಶೂಗಳನ್ನು ಉಳಿಸಿಕೊಂಡು ಒಂದು ಸನ್ನೆಕೋಲು, ಒಂದು ಸರಳು ಜೋಡಿಸಿದ್ದರೆ ಬಂಡಿಗೆ ನಿಜವಾದ ಬ್ರೇಕು ಸಿಗುತ್ತಿತ್ತು. ಊರ ಕಮ್ಮಾರನಿಗೆ ಅದು ಅರ್ಧ ದಿನದ ಕೆಲಸ. ಕೇಳಿದವರು ವಿರಳ.

ಗಾಲಿ, ಅಚ್ಚು, ತಡೆ ಈ ಮೂರರ ಮಹತ್ವವನ್ನು ಈ ಸೀಮೆ ಎಲ್ಲರೆದುರು ಕಂಡದ್ದು ಕೊಟ್ಟೂರಿನಲ್ಲಿ. ಗುರು ಕೊಟ್ಟೂರೇಶ್ವರನ ರಥಕ್ಕೂ ಸ್ಪ್ರಿಂಗಿಲ್ಲ. ಎತ್ತರಕ್ಕೆ ಕಟ್ಟಿದ ಮರದ ಭಾರವೆಲ್ಲ ಅಚ್ಚಿನ ಮೇಲೆ. ಅದರ ಬ್ರೇಕೂ ಸ್ಟೇರಿಂಗೂ ಎರಡೂ ಮನುಷ್ಯರೇ: ಉರುಳುವ ಗಾಲಿಯ ಪಕ್ಕದಲ್ಲೇ ನಡೆಯುತ್ತ, ಸರಿಯಾದ ಗಳಿಗೆಗೆ ಸರಿಯಾದ ಗಾಲಿಯ ಬುಡಕ್ಕೆ ಮರದ ಅಡ್ಡಗಟ್ಟಿ ಕೊಟ್ಟು ರಥವನ್ನು ತಿರುಗಿಸುವ, ನಿಲ್ಲಿಸುವ ಅನುಭವಸ್ಥರು. 2017ರ ಫೆಬ್ರವರಿ 21ರಂದು ಸಾವಿರಾರು ಭಕ್ತರ ನಡುವೆ ಸಾಗುತ್ತಿದ್ದ ರಥ, ಅಚ್ಚು ಮುರಿದು ಉರುಳಿಬಿತ್ತು. ಹಲವರು ಗಾಯಗೊಂಡರು. ಆಮೇಲೆ ಹೊಸ ರಥ ಕಟ್ಟಲಾಯಿತು. ಮೇಲಿನ ಅಲಂಕಾರದ ಮೇಲೆಯೇ ಎಲ್ಲರ ಕಣ್ಣಿರುವ ವಾಹನದಲ್ಲಿ ಕೆಳಗಿನ ಅಚ್ಚನ್ನು ವರ್ಷವರ್ಷವೂ ಪರೀಕ್ಷಿಸುವುದು ಎಷ್ಟು ಮುಖ್ಯ ಎಂಬುದು ಕೊಟ್ಟೂರಿನವರಿಗೆ ಆ ದಿನದಿಂದ ಯಾರೂ ಹೇಳಿಕೊಡಬೇಕಿಲ್ಲ.

ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಆ ದಶಕದ ಕೊನೆಗೆ ಈ ರಸ್ತೆಗಳಿಗೆ ಅಂಬಾಸಿಡರ್ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನೇ ಹಿಂದೂಸ್ತಾನ್ ಮೋಟರ್ಸ್ ಕಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ಈ ಹೆಸರಿನಿಂದ ತಯಾರಿಸಿತು. 2014ರ ಮೇ ತಿಂಗಳಲ್ಲಿ ನಿಲ್ಲುವವರೆಗೂ ಅದರ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಮುಂಬಯಿಯ ಕುರ್ಲಾದಿಂದ ಫಿಯಟ್ 1100 ಬಂತು. 1970ರ ದಶಕದಲ್ಲಿ ಅದೇ ಪ್ರೀಮಿಯರ್ ಪದ್ಮಿನಿಯಾಯಿತು. ಹಳ್ಳಿಯ ದಾರಿಗೆ ಮಹೀಂದ್ರ ಜೀಪು. ಮೂರಕ್ಕೂ ಹಿಂದೆ ಕಮಾನು ಪಟ್ಟಿ, ಜೀಪಿಗೆ ಮುಂದೆಯೂ ಪಟ್ಟಿಯೇ. ಫಿಯಟ್‌ನ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗ್. ಅಂಬಾಸಿಡರ್‌ನ ಮುಂಭಾಗಕ್ಕೆ ಟಾರ್ಷನ್ ಬಾರ್, ಅಂದರೆ ಗಾಲಿ ಮೇಲೆದ್ದಾಗ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುವ ಉದ್ದನೆಯ ಉಕ್ಕಿನ ಸರಳು. ಇವುಗಳ ಹಳೆಯ ಮಾದರಿಗಳ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು.

ಹತ್ತು ಹದಿನೈದು ವರ್ಷ ಓಡಿ ಮೈಸೋತ ಇಂಥ ಗಾಡಿಗಳನ್ನು ಪಟ್ಟಣದವರು ಮಾರುತ್ತಿದ್ದರು, ತಾಲ್ಲೂಕು ಕೇಂದ್ರಗಳವರು ಕೊಳ್ಳುತ್ತಿದ್ದರು. ಇಲ್ಲಿಂದ ಶುರುವಾಗುತ್ತಿತ್ತು ಅವುಗಳ ಎರಡನೆಯ ಬಾಳು. ಹರಪನಹಳ್ಳಿಯಿಂದ ಬಾಗಳಿಗೆ, ಕೂಡ್ಲಿಗಿಯಿಂದ ಗುಡ್ಡದ ಊರುಗಳಿಗೆ, ಹಡಗಲಿಯಿಂದ ಹೊಳೆದಂಡೆಯ ಊರುಗಳಿಗೆ ಮದುವೆ ದಿಬ್ಬಣ, ಸಂತೆ ಜನ, ಶೇಂಗಾ ಚೀಲ ಎಲ್ಲವನ್ನೂ ಹೊರಬೇಕು. ಹಿಂಭಾಗ ಕುಸಿದು ಗಾಲಿ ಮಡ್‌ಗಾರ್ಡಿಗೆ ತಗಲುತ್ತದೆ. ಮೊದಲ ಪರಿಹಾರ ಕಮ್ಮಾರ ಸಾಲೆಯಲ್ಲೇ ಸಿಗುತ್ತಿತ್ತು. ಪಟ್ಟಿಯ ಕಟ್ಟನ್ನು ಬಿಚ್ಚಿ, ಒಂದೊಂದನ್ನೇ ಬಡಿದು ಮತ್ತೆ ಕಮಾನು ಬರಿಸುವುದು. ಕುಲುಮೆಗೆ ಹಾಕಿದರೆ ಹದ ಹೋಗದಂತೆ ನೋಡಿಕೊಳ್ಳಬೇಕು. ಹದ ಕೆಟ್ಟ ಪಟ್ಟಿ ತಿಂಗಳೊಳಗೆ ಮತ್ತೆ ಚಪ್ಪಟೆಯಾಗುತ್ತದೆ, ಅತಿ ಗಡುಸಾದದ್ದು ಗುಂಡಿಗೆ ಬಿದ್ದಾಗ ಫಟ್ಟನೆ ಮುರಿಯುತ್ತದೆ. ಎರಡನೆಯ ಪರಿಹಾರ ಇನ್ನೂ ಸರಳ: ಲಾರಿಯ ಮುರಿದ ಪಟ್ಟಿಯೊಂದನ್ನು ಕತ್ತರಿಸಿ ಕಟ್ಟಿನೊಳಗೆ ಹೆಚ್ಚುವರಿಯಾಗಿ ತೂರಿಸುವುದು. ಅಂಬಾಸಿಡರ್‌ನ ಮೂತಿ ತಗ್ಗಿದ್ದರೆ ಟಾರ್ಷನ್ ಬಾರಿನ ಹಿಂತುದಿಯ ಹಿಡಿತವನ್ನು ತುಸು ತಿರುಗಿಸಿ ಬಿಗಿದರೆ ಮೂತಿ ಮೇಲೇಳುತ್ತದೆ. ರಬ್ಬರ್ ಬುಷ್ ಸಿಗದಿದ್ದರೆ ಹಳೆಯ ಟೈರನ್ನು ಕೊಯ್ದು ಬುಷ್ ಮಾಡುತ್ತಿದ್ದರು.

ಈ ಜಾಣ್ಮೆಯನ್ನು ಹೊಗಳದೆ ಇರಲಾಗದು. ಪುಸ್ತಕವಿಲ್ಲ, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕು, ಗಾಡಿ ಮಾತ್ರ ನಾಳೆ ಬೆಳಗ್ಗೆ ಹೊರಡಲೇಬೇಕು. ಅಂಥ ಇಕ್ಕಟ್ಟಿನಲ್ಲಿ ಕಲಿತ ವಿದ್ಯೆ ಅದು. ಆದರೆ ಪಟ್ಟಿ ಏರಿಸಿದ ಮೇಲೆ ಗಾಡಿ ಇನ್ನಷ್ಟು ಹೊರುತ್ತದೆ, ಹೊತ್ತದ್ದನ್ನು ನಿಲ್ಲಿಸಬೇಕಾದ ಬ್ರೇಕು ಮಾತ್ರ ಮೊದಲಿನದೇ. ತೂಕ ಇಮ್ಮಡಿಯಾದರೆ ನಿಲ್ಲಿಸಲು ಬೇಕಾದ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಬಿಸಿಯಾಗಿ ಡ್ರಮ್ಮಿನೊಳಗೆ ಸೇರುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಕಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಇದರ ಇನ್ನೊಂದು ಮುಖ. ಹಳ್ಳ ದಾಟಿದ ಜೀಪಿನ ಡ್ರಮ್ಮಿನೊಳಗೆ ನೀರು ನಿಂತು ಶೂ ಜಾರುತ್ತದೆ. ಬಲ್ಲ ಡ್ರೈವರುಗಳು ದಡ ಹತ್ತಿದ ಮೇಲೆ ಪೆಡಲನ್ನು ಮೆಲ್ಲಗೆ ಅದುಮಿಕೊಂಡೇ ಸ್ವಲ್ಪ ದೂರ ಓಡಿಸಿ ಲೈನರನ್ನು ಒಣಗಿಸಿಕೊಳ್ಳುತ್ತಿದ್ದರು.

ಹಳೆಯ ಅಂಬಾಸಿಡರ್, ಫಿಯಟ್‌ಗಳ ಬ್ರೇಕಿಗೆ ಒಂದೇ ಎಣ್ಣೆದಾರಿ. ನಾಲ್ಕು ಗಾಲಿಗಳ ಪೈಕಿ ಯಾವುದಾದರೂ ಒಂದರ ಹೋಸ್ ಸೀಳಿದರೆ ನಾಲ್ಕೂ ಬ್ರೇಕು ಒಮ್ಮೆಗೇ ಹೋಗುತ್ತವೆ. ಎರಡು ಪ್ರತ್ಯೇಕ ದಾರಿಗಳ ಮಾಸ್ಟರ್ ಸಿಲಿಂಡರ್ ಬಂದದ್ದು ಆಮೇಲೆ. ಇಲ್ಲಿ ಎಣ್ಣೆಯ ಕತೆಯೊಂದನ್ನು ಹೇಳಬೇಕು. ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ ಔಡಲೆಣ್ಣೆ, ಮದ್ಯಸಾರದ ಜತೆ ಬೆರೆತು, ಜಗತ್ತಿನ ಮೊದಮೊದಲ ಹೈಡ್ರಾಲಿಕ್ ಬ್ರೇಕುಗಳ ಎಣ್ಣೆಯೂ ಆಗಿತ್ತು. ಸಹಜ ರಬ್ಬರಿನ ವಾಷರುಗಳನ್ನು ಅದು ಕೆಡಿಸುವುದಿಲ್ಲ ಎಂಬುದೇ ಕಾರಣ. ಎಂಜಿನ್ ಆಯಿಲ್ ಕೆಡಿಸುತ್ತದೆ. ಬ್ರೇಕ್ ಆಯಿಲ್ ಖಾಲಿಯಾಯಿತೆಂದು ಎಂಜಿನ್ ಆಯಿಲ್ ಸುರಿದ ಗಾಡಿಗಳಲ್ಲಿ ರಬ್ಬರ್ ಉಬ್ಬಿ ಬ್ರೇಕು ಕಚ್ಚಿಕೊಂಡೋ, ಸೋರಿ ಬಿಟ್ಟೋ ಅನಾಹುತಗಳಾಗಿವೆ. ಈಗಿನ ಬ್ರೇಕ್ ಆಯಿಲಿಗೆ ಬೇರೆ ಗುಣ: ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯಬಹುದು. ಕುದಿದರೆ ಪೈಪಿನೊಳಗೆ ಆವಿ, ಆವಿಯಾದರೆ ಪೆಡಲು ಖಾಲಿ.

ಬ್ರೇಕಿನ ಏರ್ ತೆಗೆಯುವ ಕೆಲಸ ಈ ಕಡೆಯ ಪ್ರತಿ ಗ್ಯಾರೇಜಿನಲ್ಲೂ ಒಂದೇ ರೀತಿ. ಮೇಸ್ತ್ರಿ ಗಾಡಿಯಡಿ ಮಲಗಿರುತ್ತಾನೆ, ಸೀಟಿನಲ್ಲಿ ಕೆಲಸ ಕಲಿಯುವ ಹುಡುಗ. ಬ್ಲೀಡರ್ ನಿಪ್ಪಲ್ಲಿಗೆ ಸಣ್ಣ ಪೈಪು, ಪೈಪಿನ ತುದಿ ಅರ್ಧ ಎಣ್ಣೆ ತುಂಬಿದ ಗಾಜಿನ ಶೀಶೆಯೊಳಗೆ. “ಒತ್ತೋ ತಮ್ಮಾ… ಒತ್ತು… ಹಿಡಿ, ಬಿಡಬ್ಯಾಡ.” ನಿಪ್ಪಲ್ ತುಸು ಸಡಿಲಿಸಿದರೆ ಗುಳ್ಳೆಗಳು ಬುಳುಬುಳು ಬರುತ್ತವೆ. ಬಿಗಿದ ಮೇಲೆ “ಬಿಡು.” ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಶುರುಮಾಡಿ ಹತ್ತಿರಕ್ಕೆ ಬರಬೇಕು. ಗುಳ್ಳೆ ನಿಂತು ಬರೀ ಎಣ್ಣೆ ಬರುವವರೆಗೆ ಬೇಸರಪಡದೆ ಮಾಡಬೇಕು. ಈ ಕೆಲಸಕ್ಕೆ ಹಣ ಕಡಿಮೆ, ಮೆಚ್ಚುಗೆ ಇನ್ನೂ ಕಡಿಮೆ, ಏಕೆಂದರೆ ಮುಗಿದ ಮೇಲೆ ಗಾಡಿ ನೋಡಲು ಮೊದಲಿನಂತೆಯೇ ಇರುತ್ತದೆ. ಆ ಮೇಸ್ತ್ರಿಗಳು ಇನ್ನೊಂದು ಬೆಲೆಯನ್ನೂ ತೆತ್ತಿದ್ದಾರೆ. ಬಹಳ ಕಾಲ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮು ಬಿಚ್ಚಿ ಧೂಳನ್ನು ಬಾಯಿಂದಲೇ ಊದಿ ತೆಗೆಯುವುದು ರೂಢಿ. ಶ್ವಾಸಕೋಶಕ್ಕೆ ಆ ಧೂಳು ಎಷ್ಟು ಅಪಾಯಕಾರಿ ಎಂದು ಅವರಿಗೆ ತಿಳಿಹೇಳಿದವರಿರಲಿಲ್ಲ.

1980ರಲ್ಲಿ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಿಡುಗಡೆಯಾಯಿತು. ಪೆಟ್ರೋಲ್ ದುಬಾರಿಯಾದಂತೆ ಹಳೆಯ ಪೆಟ್ರೋಲ್ ಕಾರುಗಳಿಗೆ ಮೆಟಡಾರ್ ವ್ಯಾನಿನದೋ ಬೇರೆಯದೋ ಡೀಸೆಲ್ ಎಂಜಿನ್ ಕೂರಿಸುವುದು ದೊಡ್ಡ ವೃತ್ತಿಯೇ ಆಯಿತು. ಭಾರದ ಎಂಜಿನ್ನಿಗೆ ಮೂತಿ ತಗ್ಗುತ್ತದೆ. ಟಾರ್ಷನ್ ಬಾರ್ ಬಿಗಿಯುವುದು, ಶಾಕ್ ಬದಲಿಸುವುದು ಎಲ್ಲ ಆಗುತ್ತಿತ್ತು. ಬ್ರೇಕಿನ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮ ಕಣ್ತಪ್ಪುತ್ತಿತ್ತು. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ನಿರ್ವಾತದ ಬಲದಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಆ ನಿರ್ವಾತ ಗಾಳಿ ಎಳೆಯುವ ಕೊಳವೆಯಲ್ಲೇ ತಾನಾಗಿ ಸಿಗುತ್ತದೆ. ಡೀಸೆಲ್ಲಿನಲ್ಲಿ ಅದಕ್ಕೆಂದೇ ಬೇರೆ ಪಂಪು ಬೇಕು. ಪಂಪಿಲ್ಲದೆ ಬೂಸ್ಟರ್ ಜೋಡಿಸಿದರೆ ಅದು ಬರೀ ಡಬ್ಬಿ. ಅಂಬಾಸಿಡರ್‌ನ ನಂತರದ ಮಾದರಿಗಳಿಗೆ ಮುಂದೆ ಡಿಸ್ಕ್ ಬ್ರೇಕ್ ಬಂದ ಮೇಲೆ, ಗುಜರಿಗೆ ಹೋದ ಅಂಥ ಕಾರುಗಳ ಡಿಸ್ಕು, ಕ್ಯಾಲಿಪರ್, ಬೂಸ್ಟರುಗಳನ್ನು ಹಳೆಯದಕ್ಕೆ ಕೂರಿಸಿಕೊಂಡವರೂ ಇದ್ದಾರೆ. ಈ ಇಡೀ ಚರಿತ್ರೆಯಲ್ಲಿ ಹಳೆಯ ಗಾಡಿಗಾದ ಅತ್ಯುತ್ತಮ ಸುಧಾರಣೆ ಅದೇ: ಬಯಲಲ್ಲಿರುವ ಡಿಸ್ಕು ಬೇಗ ತಣಿಯುತ್ತದೆ, ನೀರನ್ನು ಕೊಡವಿಹಾಕುತ್ತದೆ.

ಪಟ್ಟಿ ಏರಿಸುವ ಚಟ ಎಲ್ಲಿಗೆ ಮುಟ್ಟಬಹುದೆಂದು ಬಳ್ಳಾರಿ ಜಿಲ್ಲೆಯೇ ದೇಶಕ್ಕೆ ತೋರಿಸಿತು. 2000ದ ದಶಕದಲ್ಲಿ ಸಂಡೂರು, ಹೊಸಪೇಟೆಗಳಿಂದ ಹೊರಟ ಅದಿರು ಲಾರಿಗಳು ಕೂಡ್ಲಿಗಿಯ ಮೇಲೆ ಹಾಯುವ ಹೆದ್ದಾರಿಯಲ್ಲಿ ಮಿತಿ ಮೀರಿದ ಹೊರೆ ಹೊತ್ತು ಸಾಲುಗಟ್ಟಿದವು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಗಣಿಗಾರಿಕೆ ವರದಿಯಲ್ಲಿ ಆ ಅತಿಭಾರದ ಪ್ರಸ್ತಾಪವಿದೆ. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು.

ಕಾನೂನೂ ಈಗ ಮೊದಲಿನಷ್ಟು ಸಡಿಲವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಿಸಲು ಆರ್‌ಟಿಒ ತಪಾಸಣೆಗೆ ನಿಲ್ಲಲೇಬೇಕು. ಸವೆದದ್ದನ್ನು ತೆಗೆದು ಅದೇ ಅಳತೆಯ ಹೊಸದನ್ನು ಹಾಕಲು ಯಾರ ಅಡ್ಡಿಯೂ ಇಲ್ಲ, ಮುದಿ ಗಾಡಿಗೆ ಬೇಕಾದದ್ದೂ ಬಹುಪಾಲು ಅದೇ.

2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಬಂಡಿಗಳು ವಿರಳವಾಗಿವೆ. ಅವುಗಳ ಜಾಗದಲ್ಲಿ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್ ಟ್ರೇಲರುಗಳು ಓಡಾಡುತ್ತವೆ. ಊರಲ್ಲೇ ವೆಲ್ಡ್ ಮಾಡಿದ, ದಪ್ಪ ಪಟ್ಟಿಗಳ ಮೇಲೆ ಕೂತ ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕಿಲ್ಲ. ಬಂಡಿಯ ಕಾಲದಲ್ಲಿ ಎತ್ತಿನ ಕೊರಳು ಮಾಡುತ್ತಿದ್ದ ಕೆಲಸವನ್ನು ಈಗ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳು ಮಾಡುತ್ತಿವೆ. ಇಳಿಜಾರಿನಲ್ಲಿ ಹಿಂದಿನಿಂದ ಟ್ರೇಲರ್ ನೂಕಿದಾಗ ಟ್ರ್ಯಾಕ್ಟರ್ ಅಡ್ಡತಿರುಗಿ ಮಗುಚುವುದು ಇದರಿಂದಲೇ.

ಟ್ರೇಲರ್ ಮಾಡಿಸುವವರು ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿಯ ಲೆಕ್ಕ ಕೇಳುವ ಮೊದಲು ಬ್ರೇಕಿನ ಲೆಕ್ಕ ಕೇಳಲಿ. ಅಪ್ಪನ ಕಾಲದ ಅಂಬಾಸಿಡರೋ ಜೀಪೋ ಇಟ್ಟುಕೊಂಡಿರುವವರು ಮಳೆಗಾಲಕ್ಕೆ ಮುಂಚೆ ನಾಲ್ಕೂ ಡ್ರಮ್ಮು ಬಿಚ್ಚಿಸಿ ಲೈನರ್ ನೋಡಲಿ, ರಬ್ಬರ್ ಹೋಸುಗಳನ್ನು ಬದಲಿಸಲಿ, ಹಳೆಯ ಬ್ರೇಕ್ ಆಯಿಲನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಲಿ. ಎತ್ತರದ ಪಟ್ಟಿ, ಗಟ್ಟಿ ಶಾಕುಗಳ ಯೋಚನೆ ಅದಾದ ಮೇಲೆ.